ಸೈಲೆನ್ಸರ್ ಮೂಸಿ ನೋಡುವ ಮೇಸ್ತ್ರಿ

ಕಾರು ಕೆಟ್ಟಿದೆ ಎಂದರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಈ ಮೇಸ್ತ್ರಿ ಮಾತ್ರ ಕಾರಿನ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ‘ಹೂಂ, ಸೆಲ್ಫ್ ಹೊಡೀರಿ’ ಎನ್ನುತ್ತಾರೆ. ಒಳಗಿದ್ದವರು ಹತ್ತು ಎಣಿಸುವವರೆಗೆ ಕೀಲಿ ತಿರುಗಿಸಿ ಹಿಡಿಯಬೇಕು. ಅಷ್ಟೂ ಹೊತ್ತು ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದ್ದು, ಆಮೇಲೆ ಅದನ್ನು ಮೂಸುತ್ತಾರೆ. ಈ ಮೂಗಿನ ಕಥೆ ಕೇಳಿಯೇ ನಾನು ಅಲ್ಲಿಗೆ ಹೋದದ್ದು.

ಜುಲೈ ಮಳೆ ಜೋರಿತ್ತು. ಅಡಿಕೆ ತೋಟದವರೊಬ್ಬರ ಬಿಳಿ ಪದ್ಮಿನಿ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದು ನಿಂತಿತು.

‘ಸೆಲ್ಫ್ ಏನೋ ಹೊಡೀತದೆ ಮಾರಾಯ್ರೆ, ಸ್ಟಾರ್ಟ್ ಮಾತ್ರ ಆಗ್ತಿಲ್ಲ. ನಿನ್ನೆ ಹೊಸ ಬ್ಯಾಟರಿನೂ ಹಾಕ್ಸಿದೆ.’

‘ಸೆಲ್ಫ್ ಸರಿಯಾಗಿ ತಿರುಗ್ತಿದ್ರೆ ಬ್ಯಾಟರಿಗೆ ಯಾಕೆ ದುಡ್ಡು ಸುರಿದ್ರಿ?’

ತೋಟದವರು ಛತ್ರಿ ಮಡಚುವ ನೆಪದಲ್ಲಿ ಆಚೆ ತಿರುಗಿದರು.

ಅಂಗೈಗೆ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲು ಟ್ಯಾಂಕಿನಿಂದ ಸಿಲಿಂಡರಿನವರೆಗೂ ಬಂದು, ಉರಿಯದೆ ಹೊರಗೆ ಹೋಗಿದೆ ಎಂದರ್ಥ. ಅಲ್ಲಿಗೆ ಪಂಪು, ಪೈಪು, ಕಾರ್ಬ್ಯುರೇಟರುಗಳ ತಪಾಸಣೆ ಸದ್ಯಕ್ಕೆ ಉಳಿಯಿತು, ಹುಡುಕಬೇಕಾದದ್ದು ಕಿಡಿಯನ್ನು. ವಾಸನೆ ಇಲ್ಲವಾದರೆ ಹುಡುಕಾಟ ತಿರುಗುಮುರುಗು. ಇಷ್ಟು ಗೊತ್ತಾಗಲು ಒಂದು ಸ್ಪ್ಯಾನರ್ ಕೂಡ ಬೇಕಾಗಲಿಲ್ಲ.

ಪದ್ಮಿನಿ ಘಮ್ಮೆಂದು ನಾರುತ್ತಿತ್ತು. ಮೇಸ್ತ್ರಿ ಈಗ ಬಾನೆಟ್ ಎತ್ತಿದರು. ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್ ಎಂದಿರುವುದು ಗ್ಯಾರೇಜಿನಲ್ಲಿ ‘ಡೆಲ್ಕೊ’. ಅದರ ನಡುವಿನ ವೈರು ಕಿತ್ತು, ಒಣಬಟ್ಟೆಯಲ್ಲಿ ಸುತ್ತಿ, ತುದಿಯನ್ನು ಎಂಜಿನ್ ಕಬ್ಬಿಣದಿಂದ ಕಾಲಂಗುಲ ದೂರ ಹಿಡಿದರು. ಸೆಲ್ಫ್ ಹೊಡೆದಾಗ ಚಟಚಟನೆ ನೀಲಿ ಕಿಡಿ ಹಾರಿತು. ಹಳದಿ ಕಿಡಿ ಬಂದಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್‌ಗಳ ಮೇಲೆ ಅನುಮಾನ. ನೀಲಿ ಎಂದರೆ ಅಲ್ಲಿಯವರೆಗೆ ಎಲ್ಲ ಕ್ಷೇಮ, ಕಳ್ಳ ಮುಂದೆಲ್ಲೋ ಇದ್ದಾನೆ.

ಡೆಲ್ಕೊ ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆ ಬೆವರಿನಂತೆ ನೀರಹನಿ. ಅದನ್ನು ಒರೆಸಿದ ಮೇಲೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಕಂಡಿತು; ತೋರಿಸದಿದ್ದರೆ ನನಗಂತೂ ಕಾಣುತ್ತಿರಲಿಲ್ಲ. ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟು ಆ ಸೀಳಿನಗುಂಟ ಇಳಿದು ಬಾಡಿಗೆ ಸೇರುತ್ತಿತ್ತು. ಬ್ಲೇಡಿನಿಂದ ಕೆರೆದರೆ ಮನೆ ಮುಟ್ಟಬಹುದು, ಮುಂದಿನ ಮಳೆಗೆ ಮತ್ತೆ ಇದೇ ಕಥೆ ಎಂದು ಬೇರೆ ಕ್ಯಾಪನ್ನೇ ತೆಗೆದರು. ಒದ್ದೆಯಾಗಿದ್ದ ಪ್ಲಗ್ಗುಗಳನ್ನು ಒರೆಸಿ ಹಾಕಿ, ವೈರು ಚುಚ್ಚುತ್ತ ಮಗ್ಗಿ ಒಪ್ಪಿಸುವವರಂತೆ ‘ಒಂದು, ಮೂರು, ನಾಲ್ಕು, ಎರಡು’ ಎಂದು ಗೊಣಗಿದರು. ಸಿಲಿಂಡರುಗಳು ಉರಿಯುವ ಸರದಿ ಅದು. ಪದ್ಮಿನಿಗೂ ಅದೇ, ಅಂಬಾಸಿಡರಿಗೂ ಅದೇ. ಎರಡನೇ ಸೆಲ್ಫಿಗೆ ಕಾರು ಕೆಮ್ಮಿ ಎದ್ದಿತು.

ಪೆಟ್ರೋಲು ಬಾರದ ಕಾಯಿಲೆಗಳೂ ಇವೆ. ಪಂಪಿನ ಡಯಾಫ್ರಮ್ ಹರಿಯುತ್ತದೆ, ಜೆಟ್ಟಿಗೆ ಕಸ ಕೂರುತ್ತದೆ. ಬೇಸಿಗೆಯಲ್ಲಿ ಸೋಮೇಶ್ವರದಿಂದ ಘಾಟಿ ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ನಿಲ್ಲುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಚಹಾ ಕುಡಿದು ಬಂದರೆ ಸರಿ. ಸೆಲ್ಫ್ ಎಂದಿಗಿಂತ ಹಗುರವಾಗಿ ಸುಯ್ಯೆಂದು ತಿರುಗಿದರೆ, ಅದು ಮಾರುತಿ 800 ಆಗಿದ್ದರೆ, ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ‘ಆಗ ಚಹಾದಿಂದ ಆಗಲ್ಲ’ ಎಂದು ನಕ್ಕರು.

ಮೇಸ್ತ್ರಿ ಶಿವಮೊಗ್ಗದ ಗ್ಯಾರೇಜಿಗೆ ಸೇರಿದ್ದು ಹದಿನಾಲ್ಕನೇ ವಯಸ್ಸಿಗೆ, ಚಹಾ ತರಲು. ಆಗ ದಾರಿಯಲ್ಲಿದ್ದುದು ಹೆಚ್ಚಾಗಿ ಎರಡೇ ಜಾತಿ: ಮುಂಬೈಯ ಕುರ್ಲಾದ ಫಿಯೆಟ್, ಉತ್ತರಪಾರದ ಅಂಬಾಸಿಡರ್. ಫಿಯೆಟ್ ಮುಂದೆ ಪದ್ಮಿನಿಯಾಯಿತು. 1983ರಲ್ಲಿ ಮಾರುತಿ ಬಂತು. ಅಂಬಾಸಿಡರ್ 2014ರಲ್ಲಿ ನಿಂತಿತು. ಅವರ ಲೆಕ್ಕದಲ್ಲಿ ಯುಗ ಬದಲಾದದ್ದು ಮಾತ್ರ 2000ದ ಆಸುಪಾಸು, ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಾಗ. ಅವರ ಕೈಯಲ್ಲಿ ಪಳಗಿದ ಹುಡುಗ ಈಗ ಬೆಂಗಳೂರಿನ ಶೋರೂಮಿನಲ್ಲಿ ಸ್ಕ್ಯಾನರ್ ಹಿಡಿದಿದ್ದಾನೆ. ಹೊಸ ಕಾರಿಗೆ ಅದು ಬೇಕೇ ಬೇಕು, ಅದನ್ನು ಹಳಿಯುವುದು ಹುಚ್ಚು. ಆದರೆ ಪದ್ಮಿನಿಯಲ್ಲಿ ಆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲವಲ್ಲ!

ಬರುವ ಕಾರುಗಳೂ ಕಡಿಮೆಯಾಗಿವೆ. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಹಲವರು ಗುಜರಿಯವನನ್ನು ಕರೆದರಂತೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ತಾಳುವುದಿಲ್ಲ ಎಂಬುದು ಮೇಸ್ತ್ರಿಯ ಇನ್ನೊಂದು ದೂರು.

ತೋಟದವರಿಗೆ ಹಾಕಿಕೊಟ್ಟ ಕ್ಯಾಪ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಂದೋ ತರಿಸಿಟ್ಟದ್ದು. ಡ್ರಾಯರಿನಲ್ಲಿ ಇನ್ನು ಎರಡು ಉಳಿದಿವೆ. ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಪದ್ಮಿನಿಯ ಡೆಲ್ಕೊ ಕ್ಯಾಪ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.