ಕುಂಬ್ಳೆಯವರ ಚೆಂಡು ತಿರುಗುತ್ತಿತ್ತೇ?



ಹೋದ ತಿಂಗಳು ಜಾತ್ರೆಯ ಟೂರ್ನಮೆಂಟಿನಲ್ಲಿ ಇಂಡಿ ಕಡೆಯ ತಂಡದ ಮೇಲೆ ಆಡುವಾಗ ನನ್ನನ್ನು ಹನ್ನೊಂದರಲ್ಲಿ ಸೇರಿಸಲಿಲ್ಲ. "ನಿಂದು ಲೆಗ್ ಸ್ಪಿನ್ ಅಂತೀ, ಚಂಡು ತಿರಗೂದಽ ಇಲ್ಲಲ್ಲೋ" ಎಂದು ನಕ್ಕವರು ಈಗ ಈ ಗೋಡೆಯ ಮುಂದೆಯೇ ನಿಂತಿರಬಹುದು. ನನಗೇನೂ ಸಿಟ್ಟಿಲ್ಲ. ಆದರೆ ಆವತ್ತು ರಾತ್ರಿ ಊಟ ಸೇರಲಿಲ್ಲ. ಅಪ್ಪ ಸಂಗತಿ ಕೇಳಿ ಒಂದೇ ಮಾತು ಅಂದರು: "ಕುಂಬ್ಳೆದೂ ಭಾಳ ತಿರಗ್ತಿರಲಿಲ್ಲ ತಮ್ಮಾ."

ಇದು ಖರೆ ಏನು ಎಂದು ಅಪ್ಪನ ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡಿದೆ. ತಿಳಿದಷ್ಟನ್ನು ಬರೆದಿದ್ದೇನೆ.

ಅನಿಲ್ ಕುಂಬ್ಳೆ 1970ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಕುಂಬ್ಳೆ ಎಂಬುದು ಕಾಸರಗೋಡು ಕಡೆಯ ಊರಿನ ಹೆಸರು. ಎಂಜಿನಿಯರಿಂಗ್ ಓದಿದವರು. 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು, 2008ರಲ್ಲಿ ದಿಲ್ಲಿಯಲ್ಲಿ ನಿವೃತ್ತರಾದರು. 132 ಟೆಸ್ಟ್, 619 ವಿಕೆಟ್. ಭಾರತದ ಬೇರೆ ಯಾವ ಬೌಲರೂ ಟೆಸ್ಟಿನಲ್ಲಿ ಇಷ್ಟು ವಿಕೆಟ್ ಪಡೆದಿಲ್ಲ.

ಕೊರತೆಗಳು

ಮೊದಲು ಕೊರತೆಯನ್ನೇ ಹೇಳುತ್ತೇನೆ, ಇಲ್ಲವಾದರೆ ಅಭಿಮಾನಿ ಬರೆದದ್ದು ಎಂದು ನೀವು ನಂಬುವುದಿಲ್ಲ.

ಒಂದು, ಅಪ್ಪ ಹೇಳಿದ್ದು ಖರೆ. ಆಸ್ಟ್ರೇಲಿಯದ ಶೇನ್ ವಾರ್ನ್ ಹಾಗೆ ಅವರ ಲೆಗ್ ಬ್ರೇಕ್ ಮೊಳಗಟ್ಟಲೆ ತಿರುಗುತ್ತಿರಲಿಲ್ಲ. ಪಿಚ್ಚಿನಿಂದ ಸಹಾಯ ಸಿಗದಿದ್ದರೆ ಬ್ಯಾಟ್ಸ್‌ಮನ್ನರು ನಿಂತು ಹೊಡೆಯುತ್ತಿದ್ದರು. 1997ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ 6 ವಿಕೆಟಿಗೆ 952 ರನ್ ಗಳಿಸಿದಾಗ ಕುಂಬ್ಳೆ 223 ರನ್ ಕೊಟ್ಟು ಪಡೆದದ್ದು ಒಂದೇ ವಿಕೆಟ್.

ಎರಡು, ಹೊರದೇಶದಲ್ಲಿ ಅವರ ಶಕ್ತಿ ತಗ್ಗುತ್ತಿತ್ತು. ಭಾರತದಲ್ಲಿ 63 ಟೆಸ್ಟಿಗೆ 350 ವಿಕೆಟ್, ಹೊರಗೆ 69 ಟೆಸ್ಟಿಗೆ 269. ಒಂದು ವಿಕೆಟಿಗೆ ಕೊಟ್ಟ ರನ್ ಇಲ್ಲಿ ಸುಮಾರು 25, ಅಲ್ಲಿ ಸುಮಾರು 36. ಮುದ್ದೇಬಿಹಾಳದ ನನ್ನ ಸೋದರಮಾವನ ಮಗ ವಾರ್ನ್ ಅಭಿಮಾನಿ. ಅವನು ಈ ಲೆಕ್ಕವನ್ನೇ ಹಿಡಿದು ಜಗಳ ತೆಗೆಯುತ್ತಾನೆ. ಲೆಕ್ಕ ತಪ್ಪೇನಲ್ಲ.

ಬಲಗಳು

ತಿರುಗದ ಚೆಂಡಿಗೆ 619 ವಿಕೆಟ್ ಹೇಗೆ ಬಿದ್ದವು? ಕುಂಬ್ಳೆ ಆರಡಿ ಮೀರಿದ ಎತ್ತರ. ಕೈ ಪೂರಾ ಮೇಲೆತ್ತಿ ಎಸೆಯುತ್ತಿದ್ದರು, ಆದ್ದರಿಂದ ಚೆಂಡು ಹೆಚ್ಚು ಪುಟಿಯುತ್ತಿತ್ತು. ಬೇರೆ ಲೆಗ್ ಸ್ಪಿನ್ನರುಗಳಿಗಿಂತ ಜೋರಾಗಿ ಹಾಕುತ್ತಿದ್ದರು, ಮುಂದೆ ಬಂದು ಹೊಡೆಯಲು ವೇಳೆಯೇ ಸಿಗುತ್ತಿರಲಿಲ್ಲ. ಒಂದು ಪುಟಿಯುತ್ತದೆ, ಮುಂದಿನದು (ಅದು ಫ್ಲಿಪ್ಪರ್) ನೆಲ ಹಿಡಿದು ನೇರ ಸ್ಟಂಪಿಗೆ ನುಗ್ಗುತ್ತದೆ, ಇನ್ನೊಂದು (ಅದು ಗೂಗ್ಲಿ) ಒಳಗೆ ಬರುತ್ತದೆ. ಎಲ್ಲವೂ ಬೀಳುವ ಜಾಗ ಮಾತ್ರ ಅದೇ. ಅವರ ದೊಡ್ಡ ಬಲ ಆ ಜಾಗ.

1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು 420 ಬೇಕಿತ್ತು. ಮೊದಲ ವಿಕೆಟಿಗೇ 101 ರನ್ ಆಯಿತು. ಆಮೇಲೆ ಹತ್ತೂ ವಿಕೆಟ್ ಕುಂಬ್ಳೆಗೇ, 74 ರನ್ನಿಗೆ! ಪಾಕಿಸ್ತಾನ 207ಕ್ಕೆ ಮುಗಿಯಿತು. ಅಪ್ಪ ಅದನ್ನು ಕಿರಾಣಿ ಅಂಗಡಿಯ ಟಿ.ವಿ. ಮುಂದೆ ನಿಂತು ನೋಡಿದವರು. ನಾನು ಎಣಿಸಿದೆ: ಆ ಹತ್ತರಲ್ಲಿ ಐದು ಬೌಲ್ಡ್ ಇಲ್ಲವೇ ಎಲ್‌ಬಿಡಬ್ಲ್ಯು. ಅಂದರೆ ಅರ್ಧಕ್ಕರ್ಧ ಚೆಂಡು ಸ್ಟಂಪಿನ ದಾರಿ ಬಿಟ್ಟಿರಲಿಲ್ಲ.

ಇನ್ನೊಂದು ಬಲ, ಕಲಿಯುವ ಛಲ. ಹೊರಗೆ ವಿಕೆಟ್ ಸಿಗುವುದಿಲ್ಲ ಎಂಬ ಮಾತು ಬಂದ ಮೇಲೆ ಗೂಗ್ಲಿಯನ್ನು ತಿದ್ದಿಕೊಂಡರು, ವೇಗ ಬದಲಿಸಿದರು. 2003-04ರಲ್ಲಿ ಆಸ್ಟ್ರೇಲಿಯದ ನೆಲದಲ್ಲಿ ಮೂರೇ ಟೆಸ್ಟಿಗೆ 24 ವಿಕೆಟ್ ಪಡೆದರು. ವಯಸ್ಸು ಆಗ 33. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ಅವರನ್ನು ಔಟ್ ಮಾಡಿದ್ದೂ ಇದೇ ಛಲದಿಂದ.

ನನ್ನ ಅಭಿಪ್ರಾಯ

ಚೆಂಡು ತಿರುಗಿಸುವುದರಲ್ಲಿ ವಾರ್ನ್ ದೊಡ್ಡವರು, ಇದನ್ನು ಮಾವನ ಮಗನಿಗೂ ಹೇಳಿದ್ದೇನೆ. ಆದರೆ ಕುಂಬ್ಳೆ ತಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಅಳುತ್ತ ಕೂಡಲಿಲ್ಲ, ಇದ್ದದ್ದನ್ನು ಹರಿತ ಮಾಡಿಕೊಂಡರು.

ಈಗ ನಾನು ದಿನಾ ಸಂಜೆ ಜೋಳ ಕಿತ್ತ ಎರಿ ಹೊಲದಲ್ಲಿ ನೋಟ್‌ಬುಕ್ಕಿನಷ್ಟು ಗೋಣಿ ತುಂಡು ಹಾಸಿ 60 ಚೆಂಡು ಎಸೆಯುತ್ತೇನೆ. ಮೊದಲ ದಿನ ಗೋಣಿಗೆ ತಾಗಿದ್ದು 9. ನಿನ್ನೆ 26. ಚೆಂಡು ಇನ್ನೂ ತಿರುಗುವುದಿಲ್ಲ. ಬಸವನ ಬಾಗೇವಾಡಿಗೆ ಆಡಲು ಹೋಗುವ ಮುನ್ನ ನಮ್ಮ ಕ್ಯಾಪ್ಟನ್ ಒಮ್ಮೆ ಹೊಲಕ್ಕೆ ಬಂದು ಬ್ಯಾಟ್ ಹಿಡಿದು ನೋಡಲಿ. ಒಂದು ಓವರ್ ಸಾಕು.

ತಪ್ಪಿದ್ದರೆ ಗುರುಗಳು ತಿದ್ದಬೇಕು.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ, ತಾ. ಸಿಂದಗಿ