ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ

ಸಣ್ಣ ವ್ಯಾಪಾರಕ್ಕೆ ಬಂಡವಾಳದಷ್ಟೇ ನಯವೂ ಬೇಕು ಎನ್ನುತ್ತಾರೆ. ಆ ನಯ ಅಂಗಡಿಯೊಳಗೆ ಹೇಗಿರುತ್ತದೆಂದು ನೋಡಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಧಾನವಾಗಿ ನಡೆದೆ.

ಮೊದಲು ಸಿಕ್ಕಿದ್ದು ಹೂವಿನವರು. ಸೇವಂತಿಗೆ ಮಾರು ಅಳೆದ ಮೇಲೆ ಗೇಣುದ್ದ ಇನ್ನೂ ಎಳೆದು ಕತ್ತರಿಸುತ್ತಾರೆ, ಕೊಳ್ಳುವವರ ಕಣ್ಣೆದುರೇ.

ಮುಂದೆ ಒಂದು ಬಟ್ಟೆ ಅಂಗಡಿ. ಇಲ್ಲಿ ಹೆಚ್ಚು ಹೊತ್ತು ನಿಂತೆ. ಸೀರೆ ಕೇಳಿದ ಹೆಂಗಸಿಗೆ ಮಾಲೀಕರು, "ಎಷ್ಟರಲ್ಲಿ ಬೇಕು?" ಎನ್ನಲಿಲ್ಲ. "ಯಾರಿಗಮ್ಮ, ಏನು ವಿಶೇಷ?" ಎಂದರು. "ತಂಗಿ ಸೀಮಂತ." ಅಷ್ಟು ಸಾಕಾಯಿತು, ಹಸಿರು ಸೀರೆಗಳು ಕೆಳಗಿಳಿದವು. ಬೇಡವೆಂದ ಸೀರೆಯನ್ನು ಕೆಲಸದ ಹುಡುಗ ಮಡಿಸಲಿಲ್ಲ; ರಾಶಿ ಬೆಳೆಯುತ್ತಲೇ ಇತ್ತು. ಕೂಡಲೇ ಮಡಿಸತೊಡಗಿದರೆ ಬಂದವರಿಗೆ 'ಸಾಕು, ಏಳಿ' ಎಂದಂತೆ ಕೇಳಿಸುತ್ತದೇನೋ. ಅದು ನನ್ನ ಊಹೆ. ಆಕೆ ಎದ್ದು ಹೋದ ಮೇಲೆಯೇ ಅವನು ಮಡಿಸಲು ಕೂತ.

ಗ್ರಂಧಿಗೆ ಅಂಗಡಿಯಲ್ಲಿ ಯಾರೋ ಕೇಳಿದ ಬೇರು ಇರಲಿಲ್ಲ. ಅಂಗಡಿಯವರು ಬೀದಿಗಿಳಿದು, ಅದು ಸಿಗುವ ಇನ್ನೊಂದು ಅಂಗಡಿಯತ್ತ ಕೈ ತೋರಿಸಿದರು.

ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಈ ಬಜಾರು ದೇವಿಯ ತವರುಮನೆ. ಇಲ್ಲಿ ಪೂಜೆಯಾದ ಮೇಲೆ ಆಕೆ ಕೋಟೆಯ ಗದ್ದಿಗೆಗೆ ಹೋಗುತ್ತಾಳೆ. ಮಾರುವವರೂ ಕೊಳ್ಳುವವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಾಗಿ ಅಂಗಡಿಯಲ್ಲಾಡಿದ ಒರಟು ಮಾತು ಅಂಗಡಿಯಲ್ಲೇ ಮುಗಿಯುವುದಿಲ್ಲ.

ಕೊನೆಗೆ ಒಂದು ದಿನಸಿ ಅಂಗಡಿ. ಕೌಂಟರಿನ ಮೇಲಿನ ಡಬ್ಬಿ ಫೋನಿನಲ್ಲಿ ಬಂದ ಹಣವನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಉದ್ರಿಯ ಮಾತು ಮಾತ್ರ ಅಲ್ಲಿ ಪಿಸುದನಿಯಲ್ಲಿ ನಡೆಯುತ್ತದೆ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ತನಕ ತೋಟದವರ ಕೈಯಲ್ಲಿ ದುಡ್ಡು ಓಡಾಡುವುದು ಕಷ್ಟ. ವಯಸ್ಸಾದವರೊಬ್ಬರು ಒಂದು ಮೂಟೆ ಅಕ್ಕಿ ಕೇಳಿದರು, ಹಳೇ ಬಾಕಿಯೂ ಇತ್ತು. ಅಂಗಡಿಯವರು ಗಲ್ಲಾ ಬಿಟ್ಟೆದ್ದು, ಅವರನ್ನು ಮೂಟೆಗಳ ಹಿಂದಕ್ಕೆ ಕರೆದೊಯ್ದರು. ಪಕ್ಕದಲ್ಲೇ ಇದ್ದ ನನಗೂ ಅರ್ಧ ಮಾತ್ರ ಕೇಳಿಸಿತು: "ಹಳೇದು ಸ್ವಲ್ಪ ಇಳಿಸಿ ಗೌಡ್ರೆ, ಈಗ ಅರ್ಧ ಮೂಟೆ ತಗೊಂಡ್ಹೋಗಿ."

ನಗುಮುಖದಿಂದ ಮಾತಾಡಿಸುವುದನ್ನು ಯಾರಾದರೂ ಹೇಳಿಕೊಟ್ಟಾರು. ಮಾನ ಕಳೆಯದೆ ಇಲ್ಲವೆನ್ನುವುದು ಅದಕ್ಕಿಂತ ಬಹಳ ಕಷ್ಟದ ಕೆಲಸ. ಗೌಡರಿಗೆ ಬೇಸರವಾಯಿತೋ ಇಲ್ಲವೋ, ಮುಖ ನೋಡಿ ಹೇಳಲಾರೆ. ಒಳಜೇಬಿನಿಂದ ಎರಡು ನೋಟು ತೆಗೆದು, "ಬರ್ಕೊಳ್ಳಿ" ಎಂದರು.