ಮೈಯಿಂದ ಕೇಳುವ ಮೀನು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಚನ್ನಪಟ್ಟಣದ ಕಣ್ವ ಜಲಾಶಯದ ಅಂಚಿನಲ್ಲಿ, ಜೊಂಡು ಬೆಳೆದ ಕಡೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡಿ. ನೀರು ಒಮ್ಮೆ ‘ಗುಳುಕ್’ ಎನ್ನುತ್ತದೆ. ಅದು ಕುಚ್ಚು ಮೀನು ಮೇಲೆ ಬಂದು ಉಸಿರು ಎಳೆದುಕೊಂಡ ಸದ್ದು. ಕೊರವ ಮೀನು ಎಂದೂ ಇದನ್ನು ಕರೆಯುತ್ತಾರೆ. ಮೀನು ಮಾರುವವರು ಬೇಸಿನ್ನಿನಲ್ಲಿ ಜೀವಂತ ಇಟ್ಟುಕೊಂಡು ಕೂರುವುದು ಇದನ್ನೇ.

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಅದನ್ನು ಹೀರುವುದರಿಂದ ಕಾಟ್ಲಾ, ರೋಹುಗಳು ಬೆಳಗಿನ ಜಾವ ಬಾಯಿ ಮೇಲೆತ್ತಿ ಒದ್ದಾಡುತ್ತವೆ. ಕುಚ್ಚು ಮೀನಿಗೆ ಆ ಕಷ್ಟವಿಲ್ಲ. ಅದರ ಕಿವಿರುಗಳ ಮೇಲೆ ಗಾಳಿ ತುಂಬಿಕೊಳ್ಳುವ ಒಂದು ಗೂಡಿದೆ. ಕೆರೆ ಬತ್ತಿದರೆ ಹಸಿ ಕೆಸರಿನಲ್ಲಿ ಹುದುಗಿಯೂ ಜೀವ ಹಿಡಿದುಕೊಂಡಿರುತ್ತದೆ. ಆದರೆ ಮೇಲೆ ಬರಲು ಬಿಡದಿದ್ದರೆ ಮೀನಾಗಿದ್ದೂ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ! ಬೇಸಿಗೆಯಲ್ಲಿ ಮಾಗಡಿಯ ಮಂಚನಬೆಲೆಯಲ್ಲಾಗಲಿ, ಕನಕಪುರದ ಹಾರೋಬೆಲೆಯಲ್ಲಾಗಲಿ ಗಾಳದವರು ಕಳೆಯ ಮರೆಯ ತೆಳುನೀರನ್ನು ಹುಡುಕುವುದು ಈ ಬೇಟೆಗಾರನಿಗಾಗಿ.

ಹಿಂದೆ ಕಪ್ಪೆಮರಿ ಚುಚ್ಚಿ ಗಾಳ ಬಿಡುತ್ತಿದ್ದರು. ಈಗ ಹುಡುಗರ ಡಬ್ಬಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಮೀನು, ಅಂದರೆ ಸ್ವಿಮ್‌ಬೈಟ್ ಇರುತ್ತದೆ. ಅಮೆರಿಕದ ಸರೋವರಗಳಲ್ಲಿ ಬಾಸ್ ಮೀನು ಹಿಡಿಯುವವರ ನೆಚ್ಚಿನ ಸಾಧನ ಅದು. ಅದರ ಜಾಣತನವೆಲ್ಲ ಬಾಲದಲ್ಲಿದೆ. ತೆಳ್ಳನೆಯ ಕುತ್ತಿಗೆ, ತುದಿಯಲ್ಲಿ ನೀರಿಗೆ ಅಡ್ಡವಾಗಿ ನಿಂತ ಚಪ್ಪಟೆ ಬಿಲ್ಲೆ. ದಾರ ಎಳೆದಾಗ ನೀರು ಬಿಲ್ಲೆಗೆ ಬಡಿದು ಅದನ್ನು ಒಂದು ಬದಿಗೆ ತಳ್ಳುತ್ತದೆ, ಹಿಂದೆ ಒಂದು ಸುಳಿ ಕಳಚಿಕೊಳ್ಳುತ್ತದೆ. ಮೆತ್ತನೆಯ ಕುತ್ತಿಗೆ ಬಾಲವನ್ನು ವಾಪಸು ಎಳೆಯುತ್ತದೆ, ಇನ್ನೊಂದು ಬದಿಗೆ ಮತ್ತೊಂದು ಸುಳಿ. ಗಾಳಿಗೆ ಬಾವುಟ ಪಟಪಟಿಸಿದ ಹಾಗೆ. ಚನ್ನಪಟ್ಟಣದ ಗೊಂಬೆ ಮಾಡುವ ಚಕ್ರದಲ್ಲಿ ಆಲೆಮರವನ್ನು ಕಡೆದು ಎಷ್ಟೇ ಚೆಂದದ ಮೀನು ಮಾಡಿದರೂ, ಗಟ್ಟಿ ಮರದ ಬಾಲ ಹೀಗೆ ಬಳುಕದು.

ಈ ಸುಳಿಗಳ ಸಾಲು, ಈಜುವ ಮರಿಮೀನು ಹಿಂದೆ ಬಿಟ್ಟುಹೋಗುವ ಸುಳಿಗಳನ್ನು ಹೋಲುತ್ತದೆ. ಕುಚ್ಚು ಮೀನು ಅದನ್ನು ಓದುವುದು ಮೈಯಿಂದ. ತಲೆಯ ಮೇಲೂ ಪಕ್ಕೆಯ ಉದ್ದಕ್ಕೂ ಸಣ್ಣ ನಾಳಗಳಿವೆ. ಅವುಗಳೊಳಗಿನ ರೋಮಕೋಶಗಳು ನೀರಿನ ಅಲುಗಾಟಕ್ಕೆ ಬಾಗಿ ಮಿದುಳಿಗೆ ಸುದ್ದಿ ಕೊಡುತ್ತವೆ. ಈ ಇಂದ್ರಿಯದ ಅಳವು ಮೈಯುದ್ದದ ಒಂದೆರಡು ಪಟ್ಟು ದೂರ ಮಾತ್ರ. ಆದರೆ ಕದಡಿದ ಕೆರೆಯಲ್ಲಿ ಕಣ್ಣು ಸೋತಾಗ ಆ ಕೊನೆಯ ತುಸು ದೂರವೇ ನಿರ್ಣಾಯಕ. ನಿಧಾನವಾಗಿ, ಒಂದೇ ಹದದಲ್ಲಿ ದಾರ ಸುತ್ತಬೇಕು ಎಂದು ಪಳಗಿದವರು ಹೇಳುವುದಕ್ಕೆ ಕಾರಣ ಇದೇ. ಬಾಲದ ಬಡಿತ ತಪ್ಪಿದರೆ ಮೀನು ಓದುವ ಸಾಲು ಅಲ್ಲಿಗೇ ಕಡಿಯುತ್ತದೆ.

ಇದೇ ಸಾಧನದಿಂದ ನಡೆಯುವ ಒಂದು ಅನ್ಯಾಯವನ್ನು ಹೇಳದೆ ಮುಗಿಸಲಾರೆ. ಮುಂಗಾರು ಬಿದ್ದ ಮೇಲೆ ನೀರಿನ ಮೇಲೆ ಕೆಂಪು ಮೋಡದಂಥ ಕುಚ್ಚು ಮೀನಿನ ಮರಿಗಳ ಗುಂಪು ತೇಲುತ್ತದೆ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಗುಂಪಿನ ನಡುವೆ ಸ್ವಿಮ್‌ಬೈಟ್ ಎಸೆದರೆ ದೊಡ್ಡ ಮೀನು ಎರಗುತ್ತದೆ. ಹಸಿವಿನಿಂದಲ್ಲ, ಮರಿಗಳ ರಕ್ಷಣೆಗೆ. ಕಾವಲು ಕಳೆದುಕೊಂಡ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಮೀನು ಗುತ್ತಿಗೆದಾರರ ಒಪ್ಪಿಗೆ ಪಡೆದು ಗಾಳ ಹಾಕುವ ಗೆಳೆಯರೇ, ಕೆಂಪು ಮರಿಗಳು ಕಂಡ ಕಡೆ ದಯವಿಟ್ಟು ದಾರ ಸುತ್ತಿಕೊಂಡು ಬೇರೆ ದಡಕ್ಕೆ ಹೋಗಿ.